ಗ್ರಾಮಿ ನೋಡಕ್ಕೆ ಬೆಳಿಗ್ಗೆ ಆರೂವರೆಗೇ ಕೂತ್ವಿ, ನಮ್ಮೋರು ಒಬ್ರೂ ಕಾಣ್ಲಿಲ್ವಲ್ಲ?

ಡೊಂಬಿವಲಿ ಸ್ಲೋ
ಸೋಮವಾರ, ಫೆಬ್ರವರಿ 3, 2025, ಮಧ್ಯಾಹ್ನ 12:40

ಎಲ್ರಿಗೂ ನಮಸ್ಕಾರ, ಗೊತ್ತಿದ್ದೋರು ಸ್ವಲ್ಪ ಬಿಡಿಸಿ ಹೇಳಿ, ನಗಬೇಡಿ. ಇವತ್ತು ವರ್ಕ್ ಫ್ರಮ್ ಹೋಮ್ ತಗೊಂಡು ಬೆಳಿಗ್ಗೆ ಆರೂವರೆಗೆ ಗ್ರಾಮಿ, ಅದೇ ಅಮೆರಿಕಾದ ಸಂಗೀತ ಪ್ರಶಸ್ತಿ ಕಾರ್ಯಕ್ರಮ, ಲೈವ್ ಹಾಕ್ದೆ. ನನಗೋಸ್ಕರ ಅಲ್ಲ, ಅಪ್ಪನಿಗೋಸ್ಕರ. ಅಪ್ಪನಿಗೆ ಈಗ ಎಪ್ಪತ್ತಾರು, ಹುಬ್ಬಳ್ಳಿ ಕಡೆಯೋರು, ರೈಲ್ವೇಲಿ ಮಾಟುಂಗಾ ವರ್ಕ್‌ಶಾಪ್‌ನಲ್ಲಿ ದುಡಿದು ರಿಟೈರ್ ಆದೋರು, ಇಂಗ್ಲಿಷ್ ಹಾಡು ಕೇಳಿದ್ರೆ ಪಕ್ಕದ ರೂಮಿಗೆ ಎದ್ದು ಹೋಗೋ ಮನುಷ್ಯ. ಆದ್ರೆ ಹೋದ ವರ್ಷ ತಬಲಾದ ಜಾಕಿರ್ ಹುಸೇನ್‌ರಿಗೆ ಒಂದೇ ದಿನ ಮೂರು ಗ್ರಾಮಿ ಬಂತಲ್ಲ, ಆ ಪೇಪರ್ ಕಟಿಂಗ್ ಇನ್ನೂ ಪಂಚಾಂಗದ ಒಳಗೆ ಇಟ್ಕೊಂಡಿದಾರೆ. ಡಿಸೆಂಬರ್‌ನಲ್ಲಿ ಉಸ್ತಾದರು ತೀರ್ಕೊಂಡ್ರು ಅಂದಾಗ ಎರಡು ದಿನ ನೆಟ್ಟಗೆ ಊಟ ಮಾಡಿಲ್ಲ. ಆ ಕಾರ್ಯಕ್ರಮದಲ್ಲಿ ಆ ವರ್ಷ ಹೋದೋರನ್ನೆಲ್ಲ ನೆನೆಸ್ತಾರೆ ಅಂತ ನಾನೇ ಬಾಯಿ ತಪ್ಪಿ ಹೇಳ್ಬಿಟ್ಟಿದ್ದೆ, ಸರಿ, ಸ್ನಾನ ಮುಗಿಸಿ ಚಹಾ ಹಿಡ್ಕೊಂಡು ಆರು ಇಪ್ಪತ್ತಕ್ಕೇ ಸೋಫಾ ಮೇಲೆ ಹಾಜರ್.

ಮೂರೂವರೆ ತಾಸು ಕೂತ್ವಿ ಸ್ವಾಮಿ. ಬಿಯಾನ್ಸೆಗೆ ವರ್ಷದ ಆಲ್ಬಮ್ ಬಂತು, ಕೆಂಡ್ರಿಕ್ ಲಮಾರ್ ಅನ್ನೋರು ಒಂದೇ ಹಾಡಿಗೆ ಮೇಲಿಂದ ಮೇಲೆ ತಗೊಂಡ್ರು, ಚಾಪೆಲ್ ರೋನ್ ಅಂತ ಒಬ್ಬ ಹುಡುಗಿ ಹೊಸ ಕಲಾವಿದೆ ಅಂತ ಬಂದು ಚೀಟಿ ನೋಡ್ಕೊಂಡು ಏನೋ ಸಿಟ್ಟಲ್ಲಿ ಓದಿದ್ಲು. ನಡುನಡುವೆ ಅಪ್ಪ "ಎಲ್ಲಾ ಛಲೋ ಅದಪಾ, ಹಾಡೂದು ಯಾವಾಗ ಶುರು ಮಾಡ್ತಾರ?" ಅಂತ ಕೇಳ್ತಾನೇ ಇದ್ರು. ಆಮೇಲೆ ಆ ಭಾಗ ಬಂತು, ಒಬ್ರು ಹಾಡ್ತಿದ್ದಾರೆ, ಹಿಂದೆ ಒಂದೊಂದೇ ಫೋಟೋ ಸರೀತಿದೆ. ಅಪ್ಪ ಕನ್ನಡಕ ಒರೆಸಿ ಟೀವಿ ಹತ್ರ ಹೋಗಿ ನಿಂತ್ರು. ಬರ್ಲಿಲ್ಲ. ಕೊನೇವರೆಗೂ ಬರ್ಲಿಲ್ಲ. ಏನೂ ಅನ್ಲಿಲ್ಲ, ಹೋಗಿ ಗ್ಯಾಲರಿಯಲ್ಲಿ ಕುಂಡಗಳಿಗೆ ನೀರು ಹಾಕ್ತಾ ನಿಂತ್ರು, ಬೆಳಿಗ್ಗೆ ಒಮ್ಮೆ ಹಾಕಿದ್ದ ಕುಂಡಗಳಿಗೇ.

ಇದಾದ್ಮೇಲೆ ಫೋನ್ ನೋಡಿದ್ರೆ ಸೊಸೈಟಿ ಗ್ರೂಪಲ್ಲಿ "ಭಾರತಕ್ಕೆ ಗ್ರಾಮಿ, ಚಂದ್ರಿಕಾ ಟಂಡನ್‌ಗೆ ಅಭಿನಂದನೆ", ನಮ್ಮ ಕನ್ನಡ ಗ್ರೂಪಲ್ಲಿ "ಬೆಂಗಳೂರಿನ ರಿಕಿ ಕೇಜ್‌ಗೆ ಮತ್ತೆ ಗ್ರಾಮಿ, ಹೆಮ್ಮೆಯ ಕನ್ನಡಿಗ" ಅಂತ ಫೋಟೋ. ಅಲ್ಲ, ನಾವು ಕಣ್ಣು ಮಿಟುಕಿಸದೆ ನೋಡಿದೀವಿ, ಇವ್ರಿಬ್ರೂ ಯಾವಾಗ ಬಂದ್ರು? ಮತ್ತೆ ಈ ರೆಕಾರ್ಡ್ ಆಫ್ ದಿ ಇಯರ್, ಸಾಂಗ್ ಆಫ್ ದಿ ಇಯರ್ ಅಂತ ಎರಡೆರಡು ಯಾಕೆ, ಎರಡೂ ಆ ಒಂದೇ ಹಾಡಿಗೆ ಕೊಟ್ಟಿದ್ದಾರೆ, ಹಾಗಾದ್ರೆ ವ್ಯತ್ಯಾಸ ಏನು? ಮತ್ತೆ ಜಾಕಿರ್‌ರನ್ನ ಹೇಗೆ ಬಿಟ್ರು? ಅಪ್ಪನಿಗೆ ನಾನು ಉತ್ತರ ಕೊಡ್ಬೇಕು.


ಮಾಟುಂಗಾ ಫಿಲ್ಟರ್
ಮಧ್ಯಾಹ್ನ 1:15

ಅಯ್ಯೋ ಮಾರಾಯ್ರೆ, ನೀವು ನಾಲ್ಕೂವರೆ ತಾಸು ಲೇಟು! ಭಾರತದವ್ರಿಗೆ ಬರುವ ಕೆಟಗರಿ ಎಲ್ಲ ಟೀವಿ ಶೋಗೆ ಮೊದಲೇ ಮುಗಿದಿರ್ತದೆ. ಈ ಸಲ ಒಟ್ಟು 94 ಕೆಟಗರಿ ಇತ್ತು, ಟೀವಿಯಲ್ಲಿ ಕೊಡುವುದು ಹತ್ತರ ಆಸುಪಾಸು ಮಾತ್ರ, ಉಳಿದದ್ದೆಲ್ಲ ಪ್ರೀಮಿಯರ್ ಸೆರೆಮನಿ ಅಂತ ಅದೇ ದಿನ ಮಧ್ಯಾಹ್ನ ಲಾಸ್ ಏಂಜಲೀಸ್‌ನಲ್ಲಿ ಪಕ್ಕದ ಥಿಯೇಟರಿನಲ್ಲಿ ಕೊಟ್ಟು ಮುಗಿಸ್ತಾರೆ. ಅಲ್ಲಿಯ ಮಧ್ಯಾಹ್ನ ಹನ್ನೆರಡೂವರೆ ಅಂದ್ರೆ ನಮಗೆ ರಾತ್ರಿ ಎರಡು ಗಂಟೆ. ಯೂಟ್ಯೂಬಲ್ಲಿ ಅವ್ರದ್ದೇ ಚಾನೆಲ್‌ನಲ್ಲಿ ಫ್ರೀಯಾಗಿ ಬರ್ತದೆ, ನಾನು ಪ್ರತಿ ವರ್ಷ ಅದನ್ನೇ ನೋಡುವುದು, ಆರೂವರೆಯ ಜಾತ್ರೆಗೆ ನಾನು ಮಲಗಿಯೇ ಇರ್ತೇನೆ. ಹೋದ ವರ್ಷ ಜಾಕಿರ್, ಶಂಕರ್ ಮಹದೇವನ್ ಇವ್ರದ್ದೆಲ್ಲ ಬಂದದ್ದೂ ಅಲ್ಲಿಯೇ, ಟೀವಿಯಲ್ಲಿ ಅಲ್ಲ. ಹಾಗಾಗಿ ಟಂಡನ್ ಅವ್ರ ಸುದ್ದಿ ನಿಜ. ನೀವು ಎದ್ದು ಹಲ್ಲುಜ್ಜುವಾಗ ಅವ್ರ ಕೈಯಲ್ಲಿ ಗ್ರಾಮೋಫೋನಿನ ಟ್ರೋಫಿ ಬಂದಾಗಿತ್ತು.

ಈಗ ರೆಕಾರ್ಡು ಸಾಂಗಿನ ವಿಷಯ. ನಾನು ಅಂಧೇರಿಯಲ್ಲಿ ಒಂದು ಸ್ಟುಡಿಯೋದಲ್ಲಿ ಡಬ್ಬಿಂಗ್, ಮಿಕ್ಸಿಂಗ್ ಕೆಲಸ ಮಾಡುವವ, ಇದು ನನ್ನ ಹೊಟ್ಟೆಪಾಡಿನ ವಿಷಯ ಆದ್ದರಿಂದ ಸ್ವಲ್ಪ ಉದ್ದ ಆದ್ರೆ ಬೇಜಾರು ಮಾಡಬೇಡಿ. ಒಂದು ಹಾಡನ್ನ ಕಾಗದದ ಮೇಲೆ ಬರೆದು ರಾಗ ಕೂರಿಸಿದ್ರೆ ಅದು ಸಾಂಗ್. ಆ ಪ್ರಶಸ್ತಿ ಬರೆದವ್ರಿಗೆ, ರಾಗ ಹಾಕಿದವ್ರಿಗೆ, ಹಾಡಿದವ್ರು ಬೇರೆಯವ್ರಾದ್ರೆ ಅವ್ರಿಗೆ ಅದ್ರಲ್ಲಿ ಪಾಲಿಲ್ಲ. ಅದೇ ಹಾಡನ್ನ ಸ್ಟುಡಿಯೋಗೆ ತಂದು ಹಾಡಿಸಿ, ವಾದ್ಯ ಕೂಡಿಸಿ, ಮಿಕ್ಸ್ ಮಾಡಿ ನಿಮ್ಮ ಕಿವಿಗೆ ಬೀಳುವ ಹಾಗೆ ಮಾಡಿದ್ದು ರೆಕಾರ್ಡ್. ಅದು ಹಾಡಿದವ್ರಿಗೆ, ಪ್ರೊಡ್ಯೂಸರ್‌ಗೆ, ರೆಕಾರ್ಡಿಂಗ್ ಇಂಜಿನಿಯರ್‌ಗೆ, ಮಿಕ್ಸ್ ಮಾಡಿದವ್ರಿಗೆ, ಮಾಸ್ಟರಿಂಗ್ ಮಾಡಿದವ್ರಿಗೆ. ಅಂದ್ರೆ ನಾಳೆ ಯಾರಾದ್ರೂ ಒಂದು ಹಳೇ ದಾಸರ ಪದವನ್ನ ಅದ್ಭುತವಾಗಿ ರೆಕಾರ್ಡ್ ಮಾಡಿದ್ರೆ ಅದು ಒಳ್ಳೇ ರೆಕಾರ್ಡ್, ಆದ್ರೆ ಸಾಂಗಿನ ಲೆಕ್ಕ ಪುರಂದರದಾಸರ ಖಾತೆಗೆ. ಕೆಂಡ್ರಿಕ್‌ನ ಆ ಹಾಡು ಎರಡೂ ಗೆದ್ದಿತು, ಅದಲ್ಲದೆ ರ‍್ಯಾಪಿನಲ್ಲಿ ಎರಡು, ವಿಡಿಯೋಕ್ಕೆ ಒಂದು, ಒಟ್ಟು ಐದಕ್ಕೆ ಐದು.

ನನಗೆ ಗ್ರಾಮಿಯಲ್ಲಿ ಇಷ್ಟವಾಗುವುದು ಇದೊಂದೇ, ಗಾಜಿನ ಈಚೆ ಕೂತವನನ್ನೂ ಲೆಕ್ಕಕ್ಕೆ ಹಿಡೀತಾರೆ. ನಮ್ಮಲ್ಲಿ ಎಷ್ಟೋ ಸಲ ಹಾಡು ಹಿಟ್ ಆದ್ರೆ ಮಿಕ್ಸ್ ಮಾಡಿದವನ ಹೆಸರು ಆ್ಯಪಿನಲ್ಲಿ ಕೂಡ ಇರುವುದಿಲ್ಲ. ಮತ್ತೆ ಆ ಹುಡುಗಿ ಸಿಟ್ಟಿನಲ್ಲಿ ಓದಿದ್ದು ಅಂದ್ರಲ್ಲ, ಅದು ಏನು ಗೊತ್ತುಂಟಾ, ಹೊಸ ಕಲಾವಿದರಿಗೆ ರೆಕಾರ್ಡ್ ಕಂಪನಿಯವ್ರು ಬದುಕುವಷ್ಟು ಸಂಬಳ, ಆರೋಗ್ಯ ವಿಮೆ ಕೊಡ್ಬೇಕು ಅಂತ ಹೇಳಿದ್ದು. ಇಲ್ಲಿ ಸೆಷನ್‌ಗೆ ಬಂದು ನುಡಿಸಿ ಎಂಟು ತಿಂಗಳು ಚೆಕ್ಕಿಗೆ ಕಾದವ್ರನ್ನ ನೋಡಿದವನಿಗೆ ಆ ಮಾತು ಎಲ್ಲಿಗೆ ತಾಗ್ತದೆ ಅಂತ ಗೊತ್ತು.

ಜಾಕಿರ್ ಭಾಯಿಯದ್ದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಫೋಟೋ ಭಾಗದಲ್ಲಿ ಹಾಕ್ಲಿಲ್ಲ ಅನ್ನುವುದು ಸತ್ಯ, ಈಗ ಎಲ್ಲ ಕಡೆ ಅದೇ ಗಲಾಟೆ.


ಪೇಡೆ ಫ್ರಮ್ ಪುಣೆ
ಮಧ್ಯಾಹ್ನ 2:05

ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅಮೆರಿಕಾದವ್ರು ಕೊಟ್ರೆ ದೊಡ್ಡದು, ಇಲ್ಲಂದ್ರ ಇಲ್ಲ, ಈ ಚಟ ನಮಗ್ಯಾಕ? ಗದಗಿನ ಭೀಮಸೇನ ಜೋಶಿಯವ್ರಿಗೆ ಗ್ರಾಮಿ ಬಂದಿಲ್ಲ, ಗಂಗೂಬಾಯಿಯವ್ರಿಗೆ ಬಂದಿಲ್ಲ, ಮನ್ಸೂರರಿಗೆ ಬಂದಿಲ್ಲ, ಏನ್ ಕಡಿಮಿ ಆತು? ಕುಂದಗೋಳದಿಂದ ಬಂದ ಸವಾಯಿ ಗಂಧರ್ವರ ಹೆಸರಿಲೆ ಭೀಮಸೇನರು 1953ರಾಗ ಇದೇ ಪುಣೆದಾಗ ಶುರು ಮಾಡಿದ ಉತ್ಸವ ಇವತ್ತಿಗೂ ನಡದದ, ಡಿಸೆಂಬರ್ ಥಂಡಿಯೊಳಗ ಶಾಲು ಹೊದ್ದು ಕೂತು ಕೇಳೋ ಮಂದಿ ನೋಡ್ರಿ ಒಮ್ಮೆ, ಅಲ್ಲಿ ಒಬ್ಬ ಮುದುಕ "ಕ್ಯಾ ಬಾತ್" ಅಂದ್ರ ಅದು ಹತ್ತು ಗ್ರಾಮಿಗೆ ಸಮ.

ಇನ್ನೊಂದು ಮಜಾ ನೋಡ್ರಿ, ಟಂಡನ್ ಅವ್ರ ಆಲ್ಬಮ್ 'ತ್ರಿವೇಣಿ' ಪೂರಾ ವೇದಮಂತ್ರ. ಅದಕ್ಕ ಬಂದ ಪ್ರಶಸ್ತಿ ಯಾವುದು? ನ್ಯೂ ಏಜ್, ಆಂಬಿಯೆಂಟ್ ಅಥವಾ ಚಾಂಟ್ ಆಲ್ಬಮ್! ವೇದಕ್ಕ ನ್ಯೂ ಏಜ್ ಅಂತಾರ ಅಂದ್ಮ್ಯಾಲೆ ಹಳೇದು ಯಾವುದೋ ಇವರಿಗೆ ದೇವ್ರೇ ಬಲ್ಲ.

ಆದ್ರ ಒಂದು ಒಪ್ಕೋತೇನಿ. ಆ ಕೆಂಡ್ರಿಕ್‌ನ ಹಾಡಿನ ಬಗ್ಗೆ ನಮ್ಮ ಮಗಳು ಹೇಳಿದ್ಲು, ಅವ್ನು ಇನ್ನೊಬ್ಬ ಹಾಡುಗಾರನ್ನ, ಡ್ರೇಕ್ ಅಂತ, ಹೆಸರಿಟ್ಟು ಬೈದು ಕಟ್ಟಿದ ಹಾಡಂತ ಅದು. ಅವ್ನು ಒಂದು ಹಾಡ್ತಾನ, ಇವ್ನು ಅದಕ್ಕ ಜವಾಬು ಕೊಡ್ತಾನ, ಮಂದಿ ಯಾರು ಗೆದ್ರು ಅಂತ ತೀರ್ಪು ಕೊಡ್ತಾರ. ನಾ ಅಂದೆ, ಅವ್ವಾ ಇದು ನಮ್ಮ ಹರದೇಶಿ ನಾಗೇಶಿನ ಆತಲ್ಲ! ನಮ್ಮೂರ ಜಾತ್ರ್ಯಾಗ ಗೀಗೀ ಮೇಳದವ್ರು ಎರಡು ಪಾರ್ಟಿ ಆಗಿ ನಿಂತು ರಾತ್ರಿ ಪೂರಾ ಸವಾಲ್ ಜವಾಬ್ ಹಾಡಿ ಒಬ್ರ ಮಾನ ಒಬ್ರು ಕಳೀತಿದ್ರು, ನಡುವ ಗುಡಿ ಕಟ್ಟಿ ಮ್ಯಾಲೆ ಕೂತ ಮುದುಕರು ನಕ್ಕು ನಕ್ಕು ಕೆಮ್ಮಿ ಸಾಯ್ತಿದ್ರು. ಅವ್ರಿಗೆ ಸಿಕ್ಕದ್ದು ಒಂದು ಟೆಂಗಿನಕಾಯಿ, ಒಂದು ಟವೆಲ್ಲು.


ಡೊಂಬಿವಲಿ ಸ್ಲೋ
ಮಧ್ಯಾಹ್ನ 2:30

ಮಾಟುಂಗಾದವ್ರಿಗೆ ಕೈ ಮುಗಿದೆ, ಪುರಂದರದಾಸರ ಉದಾಹರಣೆ ಅಪ್ಪನಿಗೆ ಹೇಳಿದೆ, ತಟ್ಟನೆ ತಿಳೀತು ಅವ್ರಿಗೆ, ನನಗಿಂತ ಬೇಗ. ಪೇಡೆಯವ್ರ ಹರದೇಶಿ ನಾಗೇಶಿ ಓದಿ ಹೇಳಿದಾಗ ಅಪ್ಪ ಬೆಳಗ್ಗಿಂದ ಮೊದಲನೇ ಸಲ ನಕ್ರು. "ಹಂಗಿದ್ರ ಆ ಹುಡುಗ ಶಾಣ್ಯಾನೇ" ಅಂದ್ರು.

ಆದ್ರೆ ಪೇಡೆಯವ್ರೇ, ನನಗೆ ಇದು ದೊಡ್ಡೋರು ಸಣ್ಣೋರು ಅನ್ನೋ ಪ್ರಶ್ನೆ ಅಲ್ಲ. ಹೋದ ವರ್ಷ ಮೂರು ಕೊಟ್ಟೋರು ಅವ್ರೇ ತಾನೆ? ಮನೆಗೆ ಕರೆದು ಊಟ ಹಾಕಿದೋರು ಸತ್ತಾಗ ಬಾಗಿಲಿಗೆ ಬಂದು ನಿಲ್ಬೇಕಲ್ವಾ, ಅಷ್ಟೇ ಅಪ್ಪನ ತಕರಾರು. ಮತ್ತೆ ರಿಕಿ ಕೇಜ್ ಫಾರ್ವರ್ಡ್ ಬಗ್ಗೆ ಯಾರೂ ಹೇಳ್ಲಿಲ್ಲ, ಗ್ರೂಪಲ್ಲಿ ಈಗಾಗ್ಲೇ ಎಪ್ಪತ್ತು ಜನ ಚಪ್ಪಾಳೆ ಹಾಕಿದಾರೆ.


ಮಡಗಾಂವ್ ಮಳೆ
ಮಧ್ಯಾಹ್ನ 3:20

ಆ ಫಾರ್ವರ್ಡ್ ಹಳೇ ಫೋಟೋ, ಅಳಿಸಿ ಹಾಕಿ ಅಂತ ಹೇಳಿ ನಿಮ್ಮ ಗ್ರೂಪಿಗೆ. ರಿಕಿ ಕೇಜ್ ಈ ಸಲ ನಾಮಿನೇಟ್ ಆಗಿದ್ದು ಹೌದು, 'ಬ್ರೇಕ್ ಆಫ್ ಡಾನ್' ಅನ್ನೋ ಆಲ್ಬಮ್‌ಗೆ, ಆದ್ರೆ ಗೆದ್ದಿಲ್ಲ. ಅವ್ರು ಗೆದ್ದಿದ್ದು ಮೂರು ಸಲ, 2015ರಲ್ಲಿ 'ವಿಂಡ್ಸ್ ಆಫ್ ಸಂಸಾರ', 2022ರಲ್ಲಿ 'ಡಿವೈನ್ ಟೈಡ್ಸ್', ಅದೇ ಆಲ್ಬಮ್‌ಗೆ 2023ರಲ್ಲಿ ಇಮ್ಮರ್ಸಿವ್ ಆಡಿಯೋ (ಸುತ್ತಲಿಂದ ಕೇಳಿಸೋ ಹಾಗೆ ಮಾಡೋ ಧ್ವನಿ) ವಿಭಾಗದಲ್ಲಿ ಮತ್ತೊಂದು. ತಮಾಷೆ ಅಂದ್ರೆ ಈ ಸಲ ರಿಕಿಯನ್ನ ಸೋಲಿಸಿದ ತಂಡದಲ್ಲಿ ಅವ್ರ ಹಳೇ ಜೊತೆಗಾರನೇ ಇದ್ದಾರೆ. ದಕ್ಷಿಣ ಆಫ್ರಿಕಾದ ಕೊಳಲುಗಾರ ವೌಟರ್ ಕೆಲರ್‌ಮನ್, 2015ರಲ್ಲಿ ರಿಕಿ ಜೊತೆ ಸ್ಟೇಜ್ ಹತ್ತಿದೋರು, ಈ ಸಲ ಟಂಡನ್ ಜೊತೆ, ಮೂರನೇಯವ್ರು ಜಪಾನಿನ ಚೆಲ್ಲೋ ವಾದಕಿ ಎರು ಮಾಟ್ಸುಮೊಟೊ. ಆ ವಿಭಾಗದ ನಾಮಿನೇಷನ್‌ನಲ್ಲಿ ನಾಲ್ಕು ಭಾರತ ಮೂಲದೋರದ್ದೇ ಇತ್ತು, ಅನುಷ್ಕಾ ಶಂಕರ್ ಕೂಡ ಅಲ್ಲೇ ಇದ್ರು. ಒಂಥರಾ ನಮ್ಮ ನಮ್ಮಲ್ಲೇ ಗ್ರಾಮಪಂಚಾಯ್ತಿ ಎಲೆಕ್ಷನ್ ನಡೆದ ಹಾಗೆ.

ಟಂಡನ್ ಬಗ್ಗೆ ಒಂದು ಮಾತು, ಚೆನ್ನೈನಲ್ಲಿ ಬೆಳೆದು ಅಹಮದಾಬಾದ್ ಐಐಎಂನಲ್ಲಿ ಓದಿ ನ್ಯೂಯಾರ್ಕ್‌ಗೆ ಹೋಗಿ ಬಿಸಿನೆಸ್‌ನಲ್ಲಿ ದೊಡ್ಡ ಹೆಸರು ಮಾಡಿದೋರು, ಹಿಂದೆ ಪೆಪ್ಸಿ ಕಂಪನಿಯ ಮುಖ್ಯಸ್ಥೆ ಆಗಿದ್ದ ಇಂದ್ರಾ ನೂಯಿ ಅವ್ರ ಅಕ್ಕ. ಎಪ್ಪತ್ತರ ವಯಸ್ಸಲ್ಲಿ ಗೆದ್ದಿದ್ದಾರೆ, ಅದಕ್ಕೂ ಮುಂಚೆ ಒಮ್ಮೆ ನಾಮಿನೇಟ್ ಆಗಿ ಸೋತಿದ್ರು. ದುಡ್ಡಿದ್ರೆ ಗ್ರಾಮಿ ಬರುತ್ತೆ ಅಂತ ಇನ್ನೇನು ಯಾರಾದ್ರೂ ಇಲ್ಲಿ ಬರೀತಾರೆ ಅಂತ ಗೊತ್ತು, ಅದಕ್ಕೇ ಮೊದಲೇ ಹೇಳ್ತೀನಿ, ಈ ಸಲ ಓಟು ಹಾಕೋ ಹಕ್ಕಿದ್ದಿದ್ದು ಗ್ರಾಮಿ ಕೊಡೋ ಸಂಸ್ಥೆಯ ಹದಿಮೂರು ಸಾವಿರದಷ್ಟು ಸದಸ್ಯರಿಗೆ, ಎಲ್ಲ ಹಾಡೋರು, ಬರೆಯೋರು, ಇಂಜಿನಿಯರ್‌ಗಳು. ಎಷ್ಟು ಮಾರಾಟ ಆಯ್ತು ಅನ್ನೋದು ಲೆಕ್ಕಕ್ಕೇ ಬರಲ್ಲ. ಮುಖ್ಯ ಪ್ರಶಸ್ತಿಗಳನ್ನ ಬಿಟ್ಟು ಒಬ್ಬೊಬ್ರು ಹತ್ತು ವಿಭಾಗಕ್ಕೆ ಮಾತ್ರ ಓಟು ಹಾಕ್ಬಹುದು. ಅಂದ್ರೆ ನಮ್ಮೋರು ನಿಲ್ಲೋ ಸಣ್ಣ ವಿಭಾಗಗಳಿಗೆ ಬೀಳೋ ಓಟು ಕಮ್ಮಿಯೇ ಇರುತ್ತೆ ಅಂತ ನನ್ನ ಅಂದಾಜು, ಹೆಸರು ಪರಿಚಯ ಇದ್ದೋರಿಗೆ ಅನುಕೂಲ ಆಗುತ್ತೆ, ಅದು ಎಲ್ಲ ಓಟಿನಲ್ಲೂ ಇರೋದೇ.

ನ್ಯೂ ಏಜ್ ಬಗ್ಗೆ ಪೇಡೆಯವ್ರು ಹೇಳಿದ್ದಕ್ಕೆ ನಾನು ಪೂರ್ತಿ ಸಹಮತ. ನಮ್ಮ ಶಾಸ್ತ್ರೀಯ ಸಂಗೀತಕ್ಕೆ ಅಲ್ಲಿ ಸ್ವಂತ ಮನೆ ಇಲ್ಲ, ಯಾವಾಗ್ಲೂ ಬಾಡಿಗೆ. ರವಿಶಂಕರರಿಗೆ 1968ರಲ್ಲಿ ಮೆನುಹಿನ್ ಜೊತೆ ಬಂದಾಗ ಚೇಂಬರ್ ಮ್ಯೂಸಿಕ್ ವಿಭಾಗದಲ್ಲಿ ಕೊಟ್ರು. ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಬಂದಿದ್ದು ವರ್ಲ್ಡ್ ಮ್ಯೂಸಿಕ್ ಅನ್ನೋ ದೊಡ್ಡ ಗೋಣಿಚೀಲದಲ್ಲಿ, ಬೇರೆ ವಿಭಾಗಕ್ಕೆ ಹೊಂದದ ಊರೂರಿನ ಸಂಗೀತವೆಲ್ಲ ಅದರೊಳಗೇ. 2020ರಲ್ಲಿ ಅದರ ಹೆಸರು ಗ್ಲೋಬಲ್ ಅಂತ ಬದಲಾಯಿಸಿದ್ರು, ಚೀಲ ಅದೇ.

ಮತ್ತೆ ಕನ್ನಡದ ಲೆಕ್ಕ ಹಾಕೋರು ಯಾಕೆ ಯಾರೂ ವಾರಿಜಶ್ರೀ ವೇಣುಗೋಪಾಲ್ ಹೆಸರು ಎತ್ತಲ್ಲ? ಬೆಂಗಳೂರಿನ ಹುಡುಗಿ, ಕರ್ನಾಟಕ ಸಂಗೀತ, ಕೊಳಲು ಎರಡೂ. ಈ ಸಲ ಜೇಕಬ್ ಕಾಲಿಯರ್, ಅನುಷ್ಕಾ ಶಂಕರ್ ಜೊತೆ ಒಂದು ಹಾಡಿಗೆ ಗ್ಲೋಬಲ್ ಪರ್ಫಾರ್ಮೆನ್ಸ್ ವಿಭಾಗದಲ್ಲಿ ನಾಮಿನೇಟ್ ಆಗಿದ್ರು. ಗೆಲ್ಲಲಿಲ್ಲ, ಅದಕ್ಕೇ ಫಾರ್ವರ್ಡ್ ಇಲ್ಲ. ನಾನು ಕಾರವಾರದೋನು, ಕೊಂಕಣಿ ಕನ್ನಡ ಮರಾಠಿ ಮೂರೂ ಕಡೆಯೋರು ನನ್ನನ್ನ ತಮ್ಮೋನು ಅಂತ ಎಳೀತಾರೆ, ಆದ್ರೆ ಏನಾದ್ರೂ ಗೆದ್ದಾಗ ಮಾತ್ರ. ಹಾಗಾಗಿ ಈ ನಮ್ಮೋರು ಅನ್ನೋ ಮಾತಿನ ಆಟ ನನಗೆ ಚೆನ್ನಾಗಿ ಗೊತ್ತು.


ಪೇಡೆ ಫ್ರಮ್ ಪುಣೆ
ಮಧ್ಯಾಹ್ನ 3:45

ಆ ಹುಡುಗಿ ಹಾಡು ಈಗ ಕೇಳಿದೆ ನೋಡ್ರಿ, ನಿಮ್ಮ ಮಾತಿಗೆ. ಗಂಟಲು ಭಾಳ ಛಲೋ ಅದ. ಹಿಂದಿನ ಗದ್ದಲ ಕಡಿಮಿ ಇದ್ರ ಇನ್ನೂ ಛಲೋ ಆಗ್ತಿತ್ತು.

ಬಿಯಾನ್ಸೆದು ಏನು, ಅಕಿ ಮೊದಲೇ ಭಾಳ ಗೆದ್ದಾಕಿ ಅಲ್ಲೇನು, ಈಗ್ಯಾಕ ಇಷ್ಟು ಅಳು?


ಮಾಟುಂಗಾ ಫಿಲ್ಟರ್
ಸಂಜೆ 4:10

ಗೆದ್ದವ್ಳೇ, ಈಗ ಒಟ್ಟು 35, ಅಷ್ಟು ಬೇರೆ ಯಾರಿಗೂ ಇಲ್ಲ. ಆದ್ರೆ ವರ್ಷದ ಆಲ್ಬಮ್ ಅನ್ನುವ ದೊಡ್ಡದು ಮಾತ್ರ ನಾಲ್ಕು ಸಲ ಕೈತಪ್ಪಿ ಈಗ ಸಿಕ್ಕಿದ್ದು. ಕಪ್ಪು ಹೆಂಗಸಿಗೆ ಅದು ಕಡೇ ಸಲ ಬಂದದ್ದು 1999ರಲ್ಲಿ, ಲಾರಿನ್ ಹಿಲ್‌ಗೆ. ಅದೂ ಬಿಳಿಯರದ್ದೇ ಅಂತ ಬೇಲಿ ಹಾಕಿಕೊಂಡ ಕಂಟ್ರಿ ಸಂಗೀತದ ಆಲ್ಬಮ್ ಮಾಡಿ ಗೆದ್ದದ್ದು, ಕಂಟ್ರಿ ಆಲ್ಬಮ್ ಪ್ರಶಸ್ತಿ ಕೂಡ ಅವ್ಳಿಗೇ. ಹೆಸರು ಕರೆದಾಗ ಅವ್ಳ ಮುಖ ನೋಡ್ಬೇಕಿತ್ತು, ನಂಬಿಕೆಯೇ ಇಲ್ಲ.

ಅದಿರಲಿ, ನಾನು ಮತ್ತೆ ಬಂದದ್ದು ಬೇರೆ ವಿಷಯಕ್ಕೆ. ಡೊಂಬಿವಲಿಯವ್ರೇ, ನಿಮ್ಮ ತಂದೆಯವ್ರಿಗೆ ಒಂದು ಹೇಳಿ. ಮಧ್ಯಾಹ್ನ ಊಟ ಮಾಡುವಾಗ ನನಗೆ ಫಕ್ಕನೆ ಹೊಳೆದದ್ದು. ಅಮೆರಿಕಾದಲ್ಲಿ ಅದು ಭಾನುವಾರ ರಾತ್ರಿ, ಫೆಬ್ರವರಿ 2. ನೀವು ಇಲ್ಲಿ ಟೀವಿ ಮುಂದೆ ಕೂತದ್ದು ಫೆಬ್ರವರಿ 3ರ ಬೆಳಿಗ್ಗೆ. ಫೆಬ್ರವರಿ 3 ಅಂದ್ರೆ ಜಾಕಿರ್ ಭಾಯಿಯ ತಂದೆ ಉಸ್ತಾದ್ ಅಲ್ಲಾರಖಾ ಹೋದ ದಿನ, 2000ನೇ ಇಸವಿ, ಇವತ್ತಿಗೆ ಸರಿಯಾಗಿ ಇಪ್ಪತ್ತೈದು ವರ್ಷ. ಜಾಕಿರ್ ಭಾಯಿ ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಗ್ರಾಂ ಇದ್ರೂ ಆ ದಿನಕ್ಕೆ ಅಂತ ಮುಂಬಯಿಗೆ ಬರ್ತಿದ್ರು, ಅಪ್ಪನ ಬರಸಿ, ಅಂದ್ರೆ ಪುಣ್ಯತಿಥಿ, ಸಾಯನ್‌ನ ಷಣ್ಮುಖಾನಂದ ಹಾಲ್‌ನಲ್ಲಿ ಬೆಳಬೆಳಗ್ಗೆ ಶುರು. ನಾವು ಮಾಟುಂಗಾದ ಹುಡುಗ್ರು ಕಣ್ಣುಜ್ಜಿಕೊಂಡು ನಡ್ಕೊಂಡೇ ಹೋಗ್ತಿದ್ದೆವು. ಬೇರೆ ಕಡೆ ಅವ್ರು ದೊಡ್ಡ ಸ್ಟಾರು, ಅಲ್ಲಿ ಮಾತ್ರ ಮನೆಯ ಮಗ, ಬೇರೆಯವ್ರು ನುಡಿಸುವಾಗ ಬದಿಯಲ್ಲಿ ಕೂತು ತಲೆದೂಗುವುದು. ನನಗೆ ಮಿಕ್ಸಿಂಗ್ ಕಲಿಸಿದ್ದು ಯಾವ ಕೋರ್ಸೂ ಅಲ್ಲ, ಆ ಹಾಲ್‌ನ ಬಾಲ್ಕನಿಯ ಕಡೇ ಸಾಲಿನಲ್ಲಿ ಕೂತು ತಬಲಾದ ಎಡಗೈಯ ಬಾಯಾದ ಘುಮಕಿ ಅಲ್ಲಿವರೆಗೆ ಹೇಗೆ ಬರ್ತದೆ ಅಂತ ಕೇಳಿದ್ದು.


ಡೊಂಬಿವಲಿ ಸ್ಲೋ
ಸಂಜೆ 5:25

ಮಾಟುಂಗಾದವ್ರೇ ಇದನ್ನ ಓದಿ ಹೇಳ್ದೆ. ಅಪ್ಪ ಎದ್ದು ಹೋಗಿ ಗೋಡೆ ಕ್ಯಾಲೆಂಡರ್ ಮುಂದೆ ನಿಂತ್ರು. ಆಮೇಲೆ ಬಂದು ಹೇಳಿದ್ದು ನನಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ. ರಿಟೈರ್ ಆಗೋಕೆ ಮುಂಚೆ ಒಂದು ವರ್ಷ ಆ ಬರಸಿಗೆ ಹೋಗಿದ್ರಂತೆ, ಡ್ಯೂಟಿಗೆ ಅಂತ ಮನೇಲಿ ಹೇಳಿ ಡಬ್ಬಿ ತಗೊಂಡು ಬೆಳಿಗ್ಗೆ ಸ್ಲೋ ಲೋಕಲ್ ಹಿಡಿದು ಸಾಯನ್‌ನಲ್ಲಿ ಇಳಿದು ಸೀದಾ ಹಾಲ್‌ಗೆ. ಮಧ್ಯಾಹ್ನ ಹಾಲ್ ಹೊರಗೆ ಕಟ್ಟೆ ಮೇಲೆ ಕೂತು ಅಮ್ಮ ಕಟ್ಟಿದ ಜೋಳದ ರೊಟ್ಟಿ ತಿಂದ್ರಂತೆ. ವರ್ಕ್‌ಶಾಪ್‌ನಲ್ಲಿ ಮಾರನೇ ದಿನ ಹೊಟ್ಟೆನೋವು ಅಂತ ರಜಾ ಅರ್ಜಿ.

ಅಮ್ಮ ಅಡುಗೆಮನೆಯಿಂದಾನೇ "ನನಗ ಆವತ್ತೇ ಗೊತ್ತಿತ್ತು, ಡಬ್ಬ್ಯಾಗ ಪಾಸಿನ ಚೀಟಿ ಇತ್ತು" ಅಂದ್ರು.

ಈಗ ಅಪ್ಪನ ಫೋನ್‌ನಲ್ಲಿ ಯೂಟ್ಯೂಬ್ ಹಾಕಿ ಕೊಟ್ಟಿದೀನಿ, ಹೋದ ವರ್ಷದ ಪ್ರೀಮಿಯರ್ ಸೆರೆಮನಿ, ಜಾಕಿರ್, ಶಂಕರ್ ಮಹದೇವನ್ ಇದ್ದ ಶಕ್ತಿ ತಂಡದ ಹೆಸರು ಕರೆಯೋ ಜಾಗಕ್ಕೇ ತಂದು. ನಾಲ್ಕನೇ ಸಲ ನೋಡ್ತಿದಾರೆ. ಸೌಂಡ್ ಕಮ್ಮಿ ಮಾಡಿ ಅಂದ್ರೆ ಕೇಳ್ತಿಲ್ಲ.